ಮಾವನ ಮೀನು ಕೆಂಪಾದದ್ದು

ನಗೋರೆಲ್ಲ ಮುಂದೆ ಬನ್ನಿ, ನಗದೆ ಇರೋರು ಹಿಂದೆ ಕೂತ್ಕೊಳ್ಳಿ. ಮಧ್ಯದಲ್ಲಿ ಯಾರಾದ್ರೂ "ಹಂಗೂ ಉಂಟಾ?" ಅಂತ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ, ಹೇಳಿದ್ದೀನಿ.

ಮಳವಳ್ಳಿ ಹತ್ರ ಒಂದೂರು. ಅಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ರಾಚ. ಬಾಗಿಲಲ್ಲಿ ಬಗ್ಗಿ ಬರೋ ಅಷ್ಟು ಎತ್ತರದ ಆಳು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಮುಂಬಾಗಿಲು ಕಾಯ್ತಿರು" ಅಂದ್ರೆ ಮುಂಬಾಗಿಲು ಕಾಯೋನು. ಹಿತ್ತಿಲಿಂದ ಕೋಳಿ ಹೊತ್ಕೊಂಡು ಹೋಗ್ತಿದ್ರೂ ಕೂತಲ್ಲಿಂದ ಏಳೋನಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಹಿಡಿದ ಕೆಲಸ ಬಿಡೋನಲ್ಲ. ಅದೇ ಕಷ್ಟ ಆಗಿತ್ತು.

"ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನ ಹಾಕೋರು ಯಾರಪ್ಪಾ!" ಅಂತ ಅವ್ವ ದಿನಾ ಅಳೋಳು.

ಅವಳಣ್ಣ ಹೊಂಬಾಳಯ್ಯನಿಗೆ ಮಳವಳ್ಳಿ ಪೇಟೇಲಿ ಬಣ್ಣದ ಮೀನಿನ ಅಂಗಡಿ. ಅವ್ವ ಅಲ್ಲಿಗೇ ಹೋದಳು. "ಅಣ್ಣಯ್ಯ, ನಿನ್ನ ಅಳಿಯನ್ನ ಅಂಗಡೀಲಿ ಮಡಿಕ್ಕೊ. ಕೈ ಮುಗೀತೀನಿ."

ಹೊಂಬಾಳಯ್ಯ ತಲೆ ಕೆರೆದ. ಅವನ ಹತ್ರ ಒಂದು ಫ್ಲವರ್‌ಹಾರ್ನ್ ಮೀನಿತ್ತು. ಹಣೆ ಮೇಲೆ ನಿಂಬೆಹಣ್ಣಿನಷ್ಟು ಬುಗುಟು, ಮೈಯೆಲ್ಲ ಕೆಂಪೋ ಕೆಂಪು. ಗಾಜಿನಾಚೆ ಯಾರು ಬಂದ್ರೂ ಗುದ್ದೋಕೆ ಬರೋದು. ಅದಕ್ಕೇ ಪೈಲ್ವಾನ ಅಂತ ಹೆಸರು.

"ನೋಡು ತಂಗಿ, ನಾನು ಮೀನು ತರೋಕೆ ಮದ್ರಾಸಿಗೆ ಹೋಗ್ತಾ ಇದ್ದೀನಿ. ಬರೋ ತನಕ ಪೈಲ್ವಾನ ನಿಮ್ಮನೇಲಿ ಇರಲಿ, ರಾಚ ನೋಡ್ಕೊಳ್ಳಲಿ. ನಾನು ಬಂದಾಗ ಹಿಂಗೇ ಕೆಂಪಗಿದ್ರೆ ಅವನಿಗೆ ನನ್ನ ಅಂಗಡೀಲಿ ಕೆಲಸ. ಬಣ್ಣ ಹೋಗಿತ್ತೋ, ಮತ್ತೆ ಈ ಮಾತು ಎತ್ತಬೇಡ."

"ಕೆಂಪಗೇ ಮಡಗ್ತೀನಿ ಮಾವ! ಮಡಗೇ ಮಡಗ್ತೀನಿ!" ಅಂದ ರಾಚ.

ಮೀನಿನ ತೊಟ್ಟಿ ಮನೆಗೆ ಬಂತು. ಹೊಸದಾಗಿ ಸುಣ್ಣ ಬಳಿದ ಗೋಡೆ, ಬೆಳ್ಳಗೆ ಫಳಫಳ ಅಂತಿತ್ತು. ಅದರ ಮುಂದೆ ಇಟ್ರು. ಬೆಳಗಾಗಿ ನೋಡಿದ್ರೆ ಪೈಲ್ವಾನ ಗಂಜಿ ಬಣ್ಣ!

"ಅಯ್ಯಯ್ಯೋ!" ಅವ್ವ ಎದೆ ಬಡ್ಕೊಂಡು ರಾಚನ ಕೈಲಿ ಅಣ್ಣನಿಗೆ ಫೋನು ಮಾಡಿಸಿದಳು.

"ಬಿಳಿ ಗೋಡೆ ಮುಂದೆ ಮಡಗ್ತಾರೇನ್ಲಾ?" ಅಂತ ಆ ಕಡೆಯಿಂದ ಮಾವ ಕೂಗಿದ. "ಸುತ್ತ ಬೆಳ್ಳಗಿದ್ರೆ ಆ ಮೀನೂ ಬಿಳಿಚ್ಕೊತದೆ. ಹಿಂದುಗಡೆ ಏನಾದ್ರೂ ಕಪ್ಪಗಿರೋದು ಇರಬೇಕು ಕಣ್ಲಾ!"

"ಆಗಲಿ ಮಾವ!"

ಮನೇಲಿ ಎಲ್ಲಕ್ಕಿಂತ ಕಪ್ಪಗಿದ್ದದ್ದು ಯಾವುದು? ಎಮ್ಮೆ! ಹೊಡ್ಕೊಂಡು ಬಂದ, ನಡುಮನೇಲಿ ತೊಟ್ಟಿ ಹಿಂದೆ ನಿಲ್ಲಿಸಿದ. ಎಮ್ಮೆಗೆ ಬಾಯಾರಿತ್ತು. ತೊಟ್ಟಿಗೇ ಮೂತಿ ಇಟ್ಟು ಸೊರ್ ಸೊರ್ ಅಂತ ಕುಡೀತು. ಪೈಲ್ವಾನ ಹೆದರಿ ಮೂಲೆ ಸೇರ್ಕೊಂಡ. ಇದ್ದ ಚೂರು ಬಣ್ಣಾನೂ ಹೋಯ್ತು.

ಅವ್ವ ಪೊರಕೆ ತಗೊಂಡಳು. "ಮುಂಡೇದೇ! ಜೀವ ಇರೋದನ್ನ ತಂದು ನಿಲ್ಲಿಸ್ತಾರೇನೋ? ಅಲ್ಲಾಡೋದು ಕಂಡ್ರೆ ಮೀನು ಬೆದರ್ತದೆ! ಅದರ ಮುಂದೆ ಏನೂ ಅಲ್ಲಾಡಬಾರದು, ತಿಳೀತಾ?"

"ತಿಳೀತವ್ವ! ಇನ್ನೊಂದು ಹುಲ್ಲುಕಡ್ಡೀನೂ ಅಲ್ಲಾಡಲ್ಲ! ಕೆಂಪು ಮಾಡೇ ಮಾಡ್ತೀನಿ!"

ಮಾರನೇ ದಿನ ಪಕ್ಕದ ಮನೆ ನಿಂಗಾಜಮ್ಮ ಹೆಪ್ಪಿಗೆ ಒಂದು ತೊಟ್ಟು ಮಜ್ಜಿಗೆ ಕೇಳೋಕೆ ಬಂದಳು. ಒಂದು ಕಾಲು ಹೊಸಲಿನ ಒಳಗಿಟ್ಟಿದ್ದಳು, ಇನ್ನೊಂದು ಎತ್ತಿದ್ದಳು.

"ಅಲ್ಲಾಡಬೇಡ!" ಅಂತ ಒನಕೆ ಹಿಡ್ಕೊಂಡು ಎಗರಿದ ರಾಚ.

ನಿಂಗಾಜಮ್ಮ ಕೊಕ್ಕರೆ ಥರ ಒಂಟಿಕಾಲಲ್ಲಿ ನಿಂತಳು. ಒಲೆ ಮುಂದಿದ್ದ ಅವ್ವ ತಿರುಗಿದಳು. "ಅವ್ವ, ನೀನೂ ಅಲ್ಲಾಡಬೇಡ!" ಹಾಲು ಉಕ್ತು. "ಲೋ, ಹಾಲು ಕಣೋ!" "ಅಲ್ಲಾಡಬೇಡ!" ಹಾಲೆಲ್ಲ ಒಲೆ ಪಾಲಾಯ್ತು, ಮನೆ ತುಂಬ ಸೀದ ವಾಸನೆ. ಕೊನೆಗೆ ನಿಂಗಾಜಮ್ಮ ತಡೀಲಾರದೆ ದೊಪ್ಪಂತ ಬಿದ್ದಳು, ರಾಚನಿಗೆ ಅವನು ಹುಟ್ಟಿದಾಗಿನಿಂದ ಇಟ್ಕೊಂಡಿದ್ದ ಬೈಗಳನ್ನೆಲ್ಲ ಬೈದು ಕುಂಟ್ತಾ ಹೋದಳು. ಮಜ್ಜಿಗೇನೂ ಇಲ್ಲ, ಮಾತೂ ಬಿಟ್ಟಳು.

"ಜನಾನ ಕಲ್ಲು ಮಾಡ್ತೀಯೇನೋ!" ಅವ್ವ ಕೂಗಾಡಿದಳು. "ಯಾರಾದ್ರೂ ಅಲ್ಲಾಡ್ಕೊಳ್ಳಲಿ ಬಿಡು. ಬಿಳಿ ಬಣ್ಣ ತಾನೇ ಮೀನಿಗೆ ಆಗಿಬರದೆ ಇರೋದು? ಹಿತ್ತಿಲಲ್ಲಿ ಕೆಮ್ಮಣ್ಣಿದೆ. ತಂದು ಗೋಡೆಗೆ ಸಾರಿಸು. ತೊಟ್ಟಿ ಸುತ್ತಮುತ್ತ ಬೆಳ್ಳಗಿರೋದು ಏನು ಕಂಡ್ರೂ ಬಿಡಬೇಡ!"

"ಬಿಡಲ್ಲವ್ವ! ಒಂದನ್ನೂ ಬಿಡಲ್ಲ!"

ರಾಚ ಬಕೆಟ್ಟಿನ ತುಂಬ ಕೆಮ್ಮಣ್ಣು ಕಲಸಿದ. ಗೋಡೆಗೆ ಬಳಿದ. ಹೌದ್ರೀ, ಇದೊಂದು ಸರಿಯಾಗೇ ಮಾಡಿದ. ದಟ್ಟವಾಗಿ ಬಳಿದ, ಮೂಲೆ ಮೂಲೆಗೂ ಬಳಿದ. ಅಲ್ಲಿಗೆ ನಿಲ್ಲಿಸಿದ್ರೆ ಆಗ್ತಿತ್ತು. ಮೇಲೆ ನೋಡಿದ, ಹಗ್ಗದ ಮೇಲೆ ಬಿಳಿ ಟವಲ್ಲು. ಅದಕ್ಕೂ ಬಳಿದ. ಪಕ್ಕಕ್ಕೆ ನೋಡಿದ, ತಟ್ಟೇಲಿ ಬಿಳಿ ಅನ್ನ. ಅದಕ್ಕೂ ಕಲಸಿದ. ಕೆಳಗೆ ನೋಡಿದ, ತೊಟ್ಟಿ ಪಕ್ಕ ಚಾಪೆ ಮೇಲೆ ಅವ್ವ ಮಲಗಿದ್ದಾಳೆ. ತಲೆಕೂದಲು ಬೆಳ್ಳಗೆ!

"ಸಿಕ್ಬಿಟ್ತು!" ಅಂತ ಒಂದು ಬೊಗಸೆ ತುಂಬಿ ಹಚ್ಚೇಬಿಟ್ಟ.

ಅವ್ವ ಕಿಟಾರನೆ ಕಿರುಚ್ಕೊಂಡು ಎದ್ದಳು. ಹಣೆಯಿಂದ ಕೆಮ್ಮಣ್ಣು ತೊಟ್ಟಿಕ್ತಿತ್ತು. ಈ ಸಲ ಪೊರಕೆ ಹುಡುಕಲಿಲ್ಲ. ಸುಮ್ಮನೆ ಕೂತು ಅತ್ತುಬಿಟ್ಟಳು.

"ನಾಳೆ ಮಾವ ಬರ್ತಾನೆ ಕಣೋ. ಮೀನು ನೋಡು, ಇನ್ನೂ ಮಂಕಾಗೇ ಅದೆ. ನಿಂಗೊಂದು ದಾರಿ ಮಾಡಿ ಸಾಯೋಣ ಅಂತಿದ್ದೆ."

ರಾಚ ಬಕೆಟ್ಟು ಪಕ್ಕಕ್ಕಿಟ್ಟು ಅವ್ವನ ಮುಂದೆ ಕೂತ. "ಅಳಬೇಡವ್ವ. ಕೆಂಪು ಮಾಡೇ ಮಾಡ್ತೀನಿ. ಈ ಸಲ ಏನು ತಪ್ಪು ಮಾಡಿದೆ, ಹೇಳು."

"ಯಾರಿಗಾದ್ರೂ ಬಣ್ಣ ಹಾಕೋಕೆ ಮುಂಚೆ ಅವರನ್ನ ಕೇಳಬೇಕು ಮಗ. ಕೇಳದೆ ಹಾಕಬಾರದು."

"ಕೇಳ್ತೀನವ್ವ. ಕೇಳೇ ಕೇಳ್ತೀನಿ."

ಮಾರನೇ ದಿನ ದೂರದಿಂದ ಬರೋ ಅಣ್ಣನಿಗೆ ದೃಷ್ಟಿ ತಾಕಿರಬಾರದು ಅಂತ ಅವ್ವ ಅರಿಶಿನ ಸುಣ್ಣ ಕದಡಿ, ತಟ್ಟೆ ತುಂಬ ಆರತಿ ನೀರು ಮಾಡಿಟ್ಟಳು. ಕೆಂಪಗೆ ರಕ್ತದಂಗಿತ್ತು. ಹೊಂಬಾಳಯ್ಯ ಬಂದ. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಬಿಳಿ ವಸ್ತ್ರ! ರಾಚ ಬಾಗಿಲಿಗೆ ಅಡ್ಡ ನಿಂತ. ಇವನು ಹಿಂಗೇ ಒಳಗೆ ಬಂದ್ರೆ ಮೀನಿನ ಗತಿ? ಆದ್ರೆ ಅವ್ವ ಹೇಳಿದ್ದು ಮರೀಲಿಲ್ಲ. ತಟ್ಟೆ ಎತ್ಕೊಂಡ.

"ಮಾವ, ನಿಂಗೆ ಈ ಕೆಂಪು ನೀರು ಹಾಕಲಾ?"

ನಿವಾಳಿಸಿ ಬೀದಿಗೆ ಚೆಲ್ತಾನೆ ಅಂದ್ಕೊಂಡ ಮಾವ. "ಊರಿಂದ ಬಂದೋನಿಗೆ ಕೇಳೋದೇನ್ಲಾ? ಹಾಕು!"

ಹಾಕಿದ. ನೆತ್ತಿ ಮೇಲೇ ಹಾಕಿದ!

"ಲೋ ಬಡ್ಡಿಮಗನೇ!" ಹೊಂಬಾಳಯ್ಯ ಮೇಲಿಂದ ಕೆಳಗೆ ಕೆಂಪಾಗಿ ಕೈ ಬೀಸ್ಕೊಂಡು ನುಗ್ಗಿದ. ರಾಚ ಓಡಿ ತೊಟ್ಟಿ ಹಿಂದೆ ಅವಿತ್ಕೊಂಡ. ಮಾವ ತೊಟ್ಟಿ ಮುಂದೆ ನಿಂತು ಕುಣಿದ, ಕೂಗಿದ, ಮುಷ್ಟಿ ತೋರಿಸಿದ.

ಒಳಗಿದ್ದ ಪೈಲ್ವಾನ ಇದನ್ನ ನೋಡಿದ. ಯಾರಿವನು ಕೆಂಪನೇ ಜಟ್ಟಿ, ನನ್ನ ಜಾಗಕ್ಕೆ ಬಂದೋನು? ರೆಕ್ಕೆ ಬಿಚ್ಚಿದ, ಕಿವಿರು ಉಬ್ಬಿಸಿದ, ಗಾಜಿಗೆ ಢಣ್ ಅಂತ ಗುದ್ದಿದ. ಎದೇಲಿ ಹತ್ತಿದ ಕೆಂಪು ಬಾಲದ ತನಕ ಹಬ್ಬಿತು.

ಮಾವ ಎತ್ತಿದ ಕೈ ಹಂಗೇ ನಿಲ್ಲಿಸಿದ.

"ಅಬ್ಬಬ್ಬಾ! ನನ್ನ ಅಂಗಡೀಲೂ ಇಷ್ಟು ಕೆಂಪಾಗಿರಲಿಲ್ಲ ಕಣೇ ತಂಗಿ! ಹಿಂದೆ ಕೆಮ್ಮಣ್ಣಿನ ಗೋಡೆ, ಮುಂದೆ ಜಗಳಕ್ಕೊಬ್ಬ ಎದುರಾಳಿ! ಬಣ್ಣ ಬರದೆ ಇನ್ನೇನು?" ಅಂತ ನಗೋಕೆ ಶುರು ಮಾಡಿದ. "ಲೋ ಅಳಿಯ, ನಾಳೆ ತೊಟ್ಟಿ ತಗೊಂಡು ಅಂಗಡಿಗೆ ಬಾ, ಕೆಲಸ ನಿಂದೇ. ಆದ್ರೆ ಒಂದು ಮಾತು. ಪೈಲ್ವಾನನ ಬಣ್ಣ ಇವತ್ತು ಹೆಂಗದೆಯೋ ಹಂಗೇ ಇರಬೇಕು. ಒಂದು ಚೂರೂ ಇಳೀಬಾರದು!"

"ಇಳಿಯೋಕೆ ಬಿಡಲ್ಲ ಮಾವ! ಬಿಡಲ್ಲ ಅಂದ್ರೆ ಬಿಡಲ್ಲ!"

ಅವ್ವ ಸೆರಗಲ್ಲಿ ಕಣ್ಣೊರೆಸ್ಕೊಂಡಳು. ಆ ರಾತ್ರಿ ನಿಶ್ಚಿಂತೆಯಾಗಿ ನಿದ್ದೆ ಮಾಡಿದಳು.

ಮಾರನೇ ದಿನ ಮಗನಿಗೂ ಅಣ್ಣನಿಗೂ ಬುತ್ತಿ ಕಟ್ಕೊಂಡು ಮಳವಳ್ಳಿಗೆ ಹೋದಳು. ಅಂಗಡಿ ಮುಂದೆ ಸಂತೆ ಥರ ಜನ! ಸಂದು ಮಾಡ್ಕೊಂಡು ಒಳಗೆ ಹೋಗಿ ನೋಡಿದ್ರೆ, ತೊಟ್ಟಿ ಮುಂದೆ ಕುರ್ಚಿ, ಕುರ್ಚಿಗೆ ಎಮ್ಮೆ ಹಗ್ಗ, ಹಗ್ಗದಲ್ಲಿ ಹೊಂಬಾಳಯ್ಯ! ತಲೆಯಿಂದ ಕಾಲ ತನಕ ಕೆಮ್ಮಣ್ಣು. "ಬಿಚ್ಲಾ! ಬಿಚ್ಲಾ!" ಅಂತ ಊರಿಗೆಲ್ಲ ಕೇಳೋ ಹಂಗೆ ಅರಚ್ತಾ ಇದ್ದಾನೆ. ಅವನು ಅರಚಿದಷ್ಟೂ ಪೈಲ್ವಾನ ಗಾಜಿಗೆ ಗುದ್ದಿ ಗುದ್ದಿ ಕೆಂಡದಂಗೆ ಕೆಂಪಾಗ್ತಾ ಇದ್ದಾನೆ. ಪಕ್ಕದಲ್ಲಿ ರಾಚ ಬೀಸಣಿಗೆ ಬೀಸ್ತಾ ನಿಂತಿದ್ದಾನೆ.

"ಅಯ್ಯೋ ನಿನ್ನ ಮನೆ ಹಾಳಾಗ! ಕೇಳಿ ಹಾಕು ಅಂದಿರಲಿಲ್ವೇನೋ?"

"ಕೇಳಿದೆ ಅವ್ವ! ಬಣ್ಣ ಹಾಕೋಕೆ ಮುಂಚೆ ಕೇಳಿದೆ. ಬೇಡ ಅಂದ. ಆಮೇಲೆ ಹಾಕಿದೆ."

ಅವ್ವ ತಲೆ ಮೇಲೆ ಕೈ ಹೊತ್ಕೊಂಡಳು. ಅಷ್ಟರಲ್ಲಿ ಮಾವನ ದನಿ ಉಡುಗಿತು. ರಾಚ ಗಾಬರಿಯಾಗಿ ಮೀನು ನೋಡಿದ, ಮಾವನ್ನ ನೋಡಿದ, ಅವ್ವನ ಕೈಲಿದ್ದ ಬುತ್ತಿ ಬಿಚ್ಚಿದ.

"ಬೇಗ ಎರಡು ತುತ್ತು ಹಾಕವ್ವ ಮಾವನ ಬಾಯಿಗೆ! ಪಾಪ, ಗಂಟಲು ಒಣಗದೆ. ಇನ್ನೂ ಸಂಜೆ ತನಕ ಅರಚಬೇಕು!"