ಕಾಗೆಬಂಗಾರದ ಕೋಳಿ

ಒಂದು ಕಾಡಿನಲ್ಲಿ ಒಂದು ಬೋಳು ಬಂಡೆ ಇತ್ತು. ಅದರ ತುದಿಯಲ್ಲಿ ಒಂದು ಕಾಡುಕೋಳಿ ಸದಾ ನಿಂತಿರುತ್ತಿತ್ತು. ಅದು ಕಾಳು ಹೆಕ್ಕುತ್ತಿರಲಿಲ್ಲ, ಕಣ್ಣು ಮಿಟುಕಿಸುತ್ತಿರಲಿಲ್ಲ. ಬಿಸಿಲು ಬಿದ್ದರೆ ಅದರ ಮೈ ತುಂಬ ಕಾಗೆಬಂಗಾರ ಝಗಝಗ ಹೊಳೆಯುತ್ತಿತ್ತು. ಕಾಗೆಬಂಗಾರ ಗೊತ್ತಲ್ಲ? ಕಲ್ಲಿನಲ್ಲಿ ಪದರಪದರವಾಗಿ ಸಿಗುವ, ಬಂಗಾರವೂ ಅಲ್ಲದ, ಕಾಗೆಗೂ ಬೇಡದ ಮಿಣುಕು.

ಕಾಡಿನ ಹೇಂಟೆಗಳು ದೂರದಲ್ಲಿ ನಿಂತು ಅದನ್ನು ನೋಡುತ್ತಿದ್ದವು.

"ಎಷ್ಟು ಸಪೂರ ಇದ್ದಾಳೆ!" ಎಂದಳು ಒಬ್ಬಳು.

"ಮೊಟ್ಟೆ ಇಟ್ಟ ಮೈ ಅಂತ ಅನ್ನಿಸೋದೇ ಇಲ್ಲ," ಎಂದಳು ಇನ್ನೊಬ್ಬಳು.

ಅವಳು ಯಾರು, ಎಲ್ಲಿಂದ ಬಂದಳು ಎಂದು ಮಾತ್ರ ಯಾರೂ ಕೇಳಲಿಲ್ಲ. ಚೆಂದದವರನ್ನು ಹಾಗೆಲ್ಲ ಕೇಳುವವರು ಯಾರು!

ಅದನ್ನು ಅಲ್ಲಿ ನಿಲ್ಲಿಸಿದವನು ನರಿಯಪ್ಪ. ಕಾಡುಹೇಂಟೆಯ ಮೈಬಣ್ಣ ತರಗೆಲೆಯ ಬಣ್ಣ. ಎಲೆಗಳ ನಡುವೆ ಕಾವಿಗೆ ಕೂತರೆ ಪಕ್ಕದಲ್ಲೇ ಹಾದುಹೋದರೂ ಕಾಣುವುದಿಲ್ಲ. ನರಿಯಪ್ಪ ಎಷ್ಟೋ ವರ್ಷ ಹಸಿದು ಅಲೆದಿದ್ದ. ಒಮ್ಮೆ ಹೇಗೋ ಒಂದು ಹೇಂಟೆ ಬಾಯಿಗೆ ಬಿತ್ತು. ತಿಂದ ಮೇಲೆ ಅವನು ಅದರ ತೊಗಲನ್ನು ಒಣಗಿಸಿದ, ಒಳಗೆ ಎಲೆ ತುಂಬಿದ, ಮರದ ಅಂಟಿನಲ್ಲಿ ಕಾಗೆಬಂಗಾರದ ಹುಡಿ ಕಲಸಿ ಮೈಗೆಲ್ಲ ಬಳಿದ. ಅಂಟು ಕಲಸಿ ಉಳಿದ ಹುಡಿಯನ್ನು ಬಂಡೆಯ ಬುಡದ ಕಲ್ಲುಗುಳಿಯಲ್ಲಿ ಇಟ್ಟ. ಆಮೇಲೆ ಕಾಜಾಣವನ್ನು ಕರೆದ. ಯಾರ ದನಿಯನ್ನಾದರೂ ಹಾಗೇ ಅನುಕರಿಸುವ ಹಕ್ಕಿ ಅದು.

"ದಿನಾ ಬೆಳಿಗ್ಗೆ ನಿನಗೊಂದು ಹುತ್ತ ಕೆದರಿ ಕೊಡ್ತೀನಿ, ಗೆದ್ದಲು ತಿನ್ನು," ಎಂದ. "ಗುಳಿಯಲ್ಲಿ ಹುಡಿ ಇದೆ, ಮಳೆಗೂ ಹೋಗಲ್ಲ ಅಂತ ಕಾಡೆಲ್ಲ ಸಾರು. ಅದಕ್ಕೆ ಮೊದಲು ಒಂದು ಮಾತು ಕೇಳ್ತಾ ಬಾ. ನನ್ನ ದನಿಯಲ್ಲಿ ಬೇಡ, ಅವರವರ ಬಳಗದ ದನಿಯಲ್ಲೇ ಕೇಳು."

"ಏನು ಮಾತು?"

"'ಇಷ್ಟೇನಾ ನೀನು?' ಅಷ್ಟು ಸಾಕು. ಮಿಕ್ಕಿದ್ದನ್ನು ಅವರೇ ಹೇಳಿಕೊಳ್ತಾರೆ."

ಬಿದಿರುಮೆಳೆಯ ಬುಡದಲ್ಲಿ ತರಗಿ ಎಂಬ ಹೇಂಟೆ ಐದು ಮೊಟ್ಟೆಗಳ ಮೇಲೆ ಕೂತಿದ್ದಳು. ಮೊದಲ ದಿನ ಎಡಗಡೆಯಿಂದ ಒಂದು ದನಿ ಬಂತು: "ಇಷ್ಟೇನಾ ನೀನು?" ಅದು ಅಕ್ಕ ಮಚ್ಚಿಯ ದನಿ. ಮಚ್ಚಿ ಹೋದ ಬೇಸಿಗೆಯಿಂದ ಕಂಡಿರಲಿಲ್ಲ. ಎರಡನೆಯ ದಿನ ಸತ್ತುಹೋದ ಅಮ್ಮನ ದನಿ ಬಂತು. ಮೂರನೆಯ ದಿನ ತರಗಿಯ ಸ್ವಂತ ದನಿಯೇ ಬಂತು. ಅವಳು ಕೊಕ್ಕು ತೆರೆದಿರಲಿಲ್ಲ.

ಹುಂಜ ಬಂದಾಗ ಅವಳು ಕೇಳಿದಳು, "ನಾನು ಹೇಗೆ ಕಾಣ್ತೀನಿ, ಹೇಳಿ?"

ಹುಂಜ ತನ್ನ ಬಾಲ ತೀಡಿಕೊಳ್ಳುತ್ತ, "ಕಾಣೋದೇ ಇಲ್ಲ ಮಾರಾಯ್ತಿ! ನಿನ್ನನ್ನು ಹುಡುಕೋಷ್ಟರಲ್ಲಿ ಸಾಕಾಗಿ ಹೋಯ್ತು," ಎಂದ.

ಕಾವು ಕೂತವಳಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೆ ತರಗಿಯ ಕಿವಿ ಆಗಲೇ ಕೆಟ್ಟಿತ್ತು. ಅವಳಿಗೆ ಅಳು ಬಂತು.

ಹುಡಿ ಬಳಿದುಕೊಂಡ ಹೇಂಟೆಗಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಅವರ ಗೂಡಿನಲ್ಲಿ ಮೊಟ್ಟೆಯ ಸಿಪ್ಪೆಯಷ್ಟೇ ಇರುತ್ತಿತ್ತು. "ಅಷ್ಟು ಚೆಂದ ಆದ ಮೇಲೆ ಈ ಕಾಡಲ್ಲಿ ಯಾಕೆ ಇರ್ತಾರೆ?" ಎಂದು ಉಳಿದವರು ಅಂದುಕೊಂಡರು. ಹೋದವರ ದನಿ ಮಾತ್ರ ಮರಗಳಿಂದ ಕೇಳುತ್ತಲೇ ಇತ್ತು.

ಒಂದು ಮಧ್ಯಾಹ್ನ ತರಗಿ ಮೊಟ್ಟೆಗಳಿಗೆ ಎಲೆ ಮುಚ್ಚಿ ಬಂಡೆಗೆ ಹೋದಳು. ಗುಳಿಯಲ್ಲಿ ಎಡರೆಕ್ಕೆ ಅದ್ದಿದಳು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಇತ್ತು. ಮೇಲಿನವಳು ಕತ್ತು ಹೇಗೆ ನಿಲ್ಲಿಸುತ್ತಾಳೆ ಎಂದು ಹತ್ತಿರದಿಂದ ನೋಡುವ ಆಸೆಯಾಗಿ ಬಂಡೆ ಹತ್ತಿದಳು.

ಮೇಲೆ ನಿಂತವಳ ಕಣ್ಣುಗಳು ಕಣ್ಣಲ್ಲ, ಎರಡು ಗುಲಗಂಜಿ. ಎಡಗಾಲಿನ ನಡುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಕೆದರುವಾಗ ಕಲ್ಲು ಬಿದ್ದು ಸೊಟ್ಟಗಾದ ಬೆರಳು. ಆ ಬೆರಳು ತರಗಿಗೆ ಗೊತ್ತಿತ್ತು.

"ಅಕ್ಕಾ?" ಎಂದಳು.

"ಇಷ್ಟೇನಾ ನೀನು?" ಎಂದಿತು ಮಚ್ಚಿಯ ದನಿ. ಎದುರಿಗಿದ್ದ ಕೊಕ್ಕು ಅಲುಗಲಿಲ್ಲ. ದನಿ ಬಂದದ್ದು ಹಿಂದಿನ ಮರದಿಂದ. ತಿರುಗಿದರೆ ಕೊಂಬೆಯ ಮೇಲೆ ಕಾಜಾಣ ಕೂತಿತ್ತು. ತರಗಿ ಅಕ್ಕನ ಮೈಯನ್ನು ಮೆಲ್ಲಗೆ ಮುಟ್ಟಿದಳು. ಹೊಟ್ಟೆ ಬಿರಿದು ಒಣಗಿದ ಎಲೆಗಳು ಉದುರಿದವು.

ತರಗಿ ಓಡಿದಳು. ಓಡುವಾಗ ಎಡರೆಕ್ಕೆ ಹೊಳೆಯಿತು. ಮಣ್ಣಿನಲ್ಲಿ ಹೊರಳಿದಳು, ಹಳ್ಳದಲ್ಲಿ ಮುಳುಗಿ ಎದ್ದಳು. ಹುಡಿ ಹೋಗಲಿಲ್ಲ. ಹಿಂದಿನಿಂದ ತರಗೆಲೆ ತುಳಿಯುವ ಸದ್ದು ಕೇಳಿತು. ಮೊಟ್ಟೆಗಳು ಇನ್ನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವು. ಈ ರೆಕ್ಕೆ ಹೊತ್ತು ಅಲ್ಲಿಗೆ ಹೋದರೆ ದಾರಿ ತೋರಿಸಿದ ಹಾಗೆ. ಅವಳು ಹೊಳೆಯುವ ಗರಿಗಳನ್ನು ಒಂದೊಂದಾಗಿ ಕಿತ್ತು ನೀರಿಗೆ ಹಾಕಿದಳು. ಜೀವ ಹೋಗುವಷ್ಟು ನೋವಾಯಿತು, ಆದರೂ ಕೂಗಲಿಲ್ಲ. ಬೋಳು ರೆಕ್ಕೆಯಲ್ಲೇ ಹೋಗಿ ಮೊಟ್ಟೆಗಳ ಮೇಲೆ ಕೂತಳು.

ನರಿಯಪ್ಪ ಬಂದ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ತರಗಿ ಬಂಡೆಯ ಮೇಲಿನ ಅಕ್ಕನಂತೆ ಕಣ್ಣು ಮಿಟುಕಿಸದೆ ಕೂತಳು. ಎದೆಯೊಂದು ಮಾತ್ರ ಬಡಿದುಕೊಳ್ಳುತ್ತಿತ್ತು.

"ಮಳೆಗೂ ಹೋಗದ ಹುಡಿ, ಎಲ್ಲಿ ಹೋಯ್ತು?" ಎಂದು ಅವನು ಗೊಣಗಿದ.

ಎಲ್ಲಿಗೆ ಹೋಗುತ್ತದೆ? ಅಂಟು ಕಲಸಿ, ಬಳಿದುಕೊಂಡವರನ್ನು ತಿಂದು, ಅವನ ಮೂತಿಯಿಂದ ಕಿವಿಯವರೆಗೆ ಕಾಗೆಬಂಗಾರವೇ ಮೆತ್ತಿತ್ತು. ಬಿದಿರಿನ ಸಂದಿಯಿಂದ ಬಿಸಿಲು ಅವನ ಮುಖಕ್ಕೆ ಬಿತ್ತು. ಮೇಲಿನ ಮರದಲ್ಲಿ ಮಲಗಿದ್ದ ಚಿರತೆ ಕಣ್ಣು ತೆರೆಯಿತು. ಬೆದರಿದ ನರಿಯಪ್ಪ ಎಲೆಗಳಲ್ಲಿ ಹುದುಗಿದ. ಅಷ್ಟರಲ್ಲಿ ಕಾಜಾಣ ಹಾರಿ ಬಂದು ಅವನ ನೆತ್ತಿಯ ಮೇಲಿನ ಕೊಂಬೆಯಲ್ಲಿ ಕೂತು, ಅವನದೇ ದನಿಯಲ್ಲಿ ಕೇಳಿತು:

"ಇಷ್ಟೇನಾ ನೀನು?"

"ನನಗೆ ಇಷ್ಟು ಸಾಕು," ಎನ್ನುತ್ತ ಚಿರತೆ ಜಿಗಿಯಿತು.

ಐದು ಮೊಟ್ಟೆಗಳೂ ಒಡೆದು ಮರಿಗಳಾದವು. ತರಗಿಯ ರೆಕ್ಕೆಯಲ್ಲಿ ಮತ್ತೆ ಕಂದು ಗರಿ ಮೂಡಿತು. ಆದರೆ ಕಲಿತ ಮಾತನ್ನು ಕಾಜಾಣ ಬಿಡುತ್ತದೆಯೇ? ಒಂದು ದಿನ ಆ ದನಿ ಕೇಳಿ ಹೆಣ್ಣುಮರಿಯೊಂದು ತನ್ನ ಪುಟ್ಟ ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. ತರಗಿ ಅದನ್ನು ಬಂಡೆಯ ಬಳಿಗೆ ಕರೆದೊಯ್ದು ಆ ಸೊಟ್ಟ ಬೆರಳನ್ನು ತೋರಿಸಿದಳು.

"ಇವಳು ನಿನ್ನ ದೊಡ್ಡಮ್ಮ. ನಮ್ಮೆಲ್ಲರಿಗಿಂತ ಚೆನ್ನಾಗಿ ಕೆದರ್ತಿದ್ದಳು," ಎಂದಳು. "ಬಾ, ಕೆದರೋಣ."

ನೀತಿ: ನಿನ್ನ ರೂಪ ಸಾಲದು ಎಂದು ಪದೇ ಪದೇ ಹೇಳುವ ದನಿಯಿಂದ ಯಾರ ಹೊಟ್ಟೆ ತುಂಬುತ್ತಿದೆ ಎಂದು ಮೊದಲು ನೋಡಬೇಕು.