ಬಸಲಿಂಗವ್ವನ ಜಗಲಿ ಮೇಲಿನ ಸಭೆ

"ಹೆದ್ದಾರಿ ಸದ್ದಿಗೆ ಮೊಮ್ಮಗು ಕಣ್ಣೇ ಮುಚ್ಚುತ್ತಿಲ್ಲ, ಅಡ್ಡಗೋಡೆ ಕಟ್ಟಿಸ್ರಿ," ಎಂದು ಬಸಲಿಂಗವ್ವ ಪಂಚಾಯಿತಿ ಅಧ್ಯಕ್ಷರನ್ನು ಕೇಳಿದಳು.

"ಯಾವ ಸದ್ದವ್ವಾ? ನಾಳೆ ಗ್ರಾಮಸಭೆಯಲ್ಲಿ ಸದ್ದೇ ಇಲ್ಲ ಅಂತ ಠರಾವು ಮಾಡ್ತೀನಿ ನೋಡು!"

"ಮಾಡ್ರಿ. ಸಭೆ ನಮ್ಮ ಜಗಲಿ ಮೇಲೇ ಆಗಲಿ. ಮಿರ್ಚಿ ಬಜಿ ಕರೀತೀನಿ."

ಬಜಿ ಎಂದರೆ ಅಧ್ಯಕ್ಷರು ಬಿಡುವವರಲ್ಲ. ಬಂದರು. ಆ ಊರಲ್ಲಿ ಠರಾವನ್ನು ಗಟ್ಟಿಯಾಗಿ ಓದಬೇಕು, ಜನ ಕೇಳಿ ಕೈ ಎತ್ತಬೇಕು. ಅಧ್ಯಕ್ಷರು ಓದಿದರು. ಲಾರಿ ಬಂತು.

"ಕೇಳಿಸಲಿಲ್ಲ, ಇನ್ನೊಮ್ಮೆ ಓದ್ರಿ," ಎಂದಳು ಬಸಲಿಂಗವ್ವ.

ಓದಿದರು. ಬಸ್ಸು ಬಂತು. ಬಜಿ ಮುಗಿದವು, ಠರಾವು ಮುಗಿಯಲಿಲ್ಲ. ಕೊನೆಗೆ ಅಧ್ಯಕ್ಷರು ಎದ್ದು ಕಿರುಚಿದರು: "ಈ ಹಾಳು ಗದ್ದಲದಾಗ ಮನುಷ್ಯ ಬದುಕೋದು ಹೆಂಗ್ರೋ!"

ಅದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಕೈ ಎತ್ತಿದರು. ಅದೇ ಠರಾವಾಯಿತು.

ಗೋಡೆ ಎದ್ದಿತು.