ಹರಕೆ ಹುಂಜದ ಕತ್ತು

ಮೊಮ್ಮಗಳ ಜ್ವರ ಇಳಿದ್ರೆ ಹುಂಜ ಕುಯ್ತೀನಿ ಅಂತ ಕೆಂಚಮ್ಮಜ್ಜಿ ಮಾರಮ್ಮಂಗೆ ಹರಕೆ ಹೊತ್ತಿದ್ಲು. ಜ್ವರ ಇಳೀತು. ಅಜ್ಜಿ ಹುಂಜಕ್ಕೂ ಖಾಲಿ ಔಷಧಿ ಬಾಟ್ಲಿಗೂ ಕುಂಕುಮ ಇಟ್ಟು, ಎರಡನ್ನೂ ಒಂದೇ ಮಂಕರೀಲಿ ಹೊತ್ಕೊಂಡು ಗುಡಿಗೆ ಹೊರಟ್ಲು.

"ವಾಸಿ ಮಾಡಿದ್ದು ನೀನು, ಸಾಯೋದು ನಾನಾ?" ಅಂತ ಹುಂಜ ಬಾಟ್ಲಿ ಮೇಲೆ ರೇಗ್ತು.

"ನನ್ನೊಬ್ಬನಿಂದಲೇ ಅಲ್ಲ ಕಣೋ," ಅಂತು ಬಾಟ್ಲಿ. "ಮಗು ಉಗುಳಿದ್ರೂ ಬಿಡದೆ ಏಳು ದಿನ ಕಹಿ ಕುಡಿಸೋ ಧೈರ್ಯ ಅಜ್ಜಿಗೆ ಆ ಮಾರಮ್ಮ ತಾಯಿಯಿಂದಲೇ ಬಂತು."

"ಹಂಗಾದ್ರೆ ಕೈ ಮುಗೀಲಿ. ನನ್ನ ಕತ್ತು ಯಾಕೆ?"

ಗುಡೀಲಿ ಪೂಜಾರಿ ಹುಂಜದ ಮೇಲೆ ನೀರು ಚಿಮುಕಿಸ್ದ. ಅದು ಮೈ ಕೊಡವಿದ್ರೆ ದೇವಿ ಒಪ್ಪಿದ ಹಾಗೆ, ಆಮೇಲೆ ಕತ್ತಿ. ಹುಂಜ ಕೊಡವಲಿಲ್ಲ. ಚೊಂಬು ಸುರಿದ್ರು, ಕೊಡ ಸುರಿದ್ರು, ಊರ ಕೆರೆ ಮೊಣಕಾಲಿಗಿಳೀತು, ಗುಡಿಯೊಳಗೆ ಮೀನು ಓಡಾಡಿದ್ವು. ನಂಬದಿದ್ರೆ ಹಿಡ್ಕೊಂಡೋಗಿ ಸಾರು ಮಾಡಿದೋರ್ನ ಕೇಳಿ. ಹುಂಜದ ಒಂದು ಪುಕ್ಕ ಅಲುಗಲಿಲ್ಲ!

"ತಾಯಿ ಒಲ್ಲೆ ಅಂತಾಳೆ," ಅಂತ ಅಜ್ಜಿ ಕೈಮುಗಿದು, ಹುಂಜಾನ ಮತ್ತೆ ಮಂಕರಿಗೆ ಹಾಕ್ಕೊಂಡು ಮನೆ ದಾರಿ ಹಿಡಿದ್ಲು.

"ಒಲ್ಲೆ ಅಂದಿದ್ದು ತಾಯೋ, ನೀನೋ?" ಅಂತು ಬಾಟ್ಲಿ.

ಹುಂಜ ಆಗ ಜೋರಾಗಿ ಮೈ ಕೊಡವ್ತು. ಬಾಟ್ಲಿ ತೊಯ್ದು ತೊಪ್ಪೆಯಾಯ್ತು.

"ಜ್ವರ ಇಳಿಸಿದ್ದು ನೀನು, ಧೈರ್ಯ ಕೊಟ್ಟಿದ್ದು ಅವಳು. ಕತ್ತು ಮಾತ್ರ ನಂದು ಕಣಯ್ಯಾ!"